ಮಂಡಳಿಗೆ ಜಾಗ

ನಮ್ಮ ಮನೆಯಲ್ಲಿ ಶೇಂಗಾ ಚಟ್ನಿ ಕುಟ್ಟುವುದು ಒಂದು ಸಾರ್ವಜನಿಕ ಘಟನೆ. ಬೇರೆಯವರ ಮನೆಗಳಲ್ಲಿ ಒರಳಿನ ಸದ್ದು ಅಡುಗೆಮನೆಯ ಹೊಸ್ತಿಲಲ್ಲಿಯೇ ನಿಂತು ಸುಮ್ಮನಾಗುತ್ತದೆ. ನಮ್ಮಲ್ಲಿ ಮಾತ್ರ ಅದು ಕಟ್ಟೆಯಿಳಿದು, ನಡುಮನೆಯನ್ನು ದಾಟಿ, ಎದುರುಗೋಡೆಗೆ ಬಡಿದು, ಮೇಲಿನ ತೇಗದ ತೊಲೆಗಳನ್ನು ಮಾತಾಡಿಸಿ, ಹೋದದ್ದಕ್ಕಿಂತ ಗಂಭೀರವಾಗಿ ನನ್ನ ಕಿವಿಗೇ ಹಿಂತಿರುಗುತ್ತದೆ. ಬೆಳ್ಳುಳ್ಳಿ ಖಾರ ಹಾಕಿ ಶೇಂಗಾ ಕುಟ್ಟುತ್ತಿದ್ದೇನೋ ಅಥವಾ ಧರ್ಮೋಪದೇಶ ಮಾಡುತ್ತಿದ್ದೇನೋ ಎಂದು ನನಗೇ ಸಂಶಯ ಬರುವಷ್ಟು.

ಇವತ್ತು ಮುಂಜಾನೆಯೂ ಎಂದಿನಂತೆ ಎದ್ದು, ಅಂಗಳ ಗುಡಿಸಿ, ರಂಗೋಲಿಯೆಳೆದು, ನಳಕ್ಕೆ ನೀರು ಬರುವ ಸರದಿ ಇವತ್ತಿನದಲ್ಲವೆಂದು ನೆನಪಿಸಿಕೊಂಡು ಜಿಪುಣಿಯಂತೆ ಸ್ನಾನ ಮುಗಿಸಿ, ಚಹಾಕ್ಕೆ ಇಟ್ಟು, ಒರಳಿನ ಮುಂದೆ ಕೂತೆ. ಅರ್ಧ ಕುಟ್ಟಿರಬಹುದು, ಕೈ ತಾನಾಗಿಯೇ ನಿಂತಿತು. ಐತವಾರ, ಎಂದರೆ ಭಾನುವಾರ, ಇಷ್ಟು ಹೊತ್ತಿಗೆ ಒರಳು ಸುಮ್ಮನಾಗಬೇಕೆಂಬುದು ಈ ಮನೆಯ ರೂಢಿ. ಕೈ ನಿಂತ ಮೇಲೆ ಏಕೆ ನಿಂತಿತೆಂಬುದು ನೆನಪಾಯಿತು. ಅದು ನೆನಪಾದ ಮೇಲೆ, ಇನ್ನು ನಿಲ್ಲಿಸಬೇಕಾದ ಕಾರಣವಿಲ್ಲವೆಂಬುದೂ ನೆನಪಾಯಿತು. ಆಮೇಲೆ ಕುಟ್ಟಿದ ಚಟ್ನಿ ಸಣ್ಣಗಾಗಲಿಲ್ಲ. ಯಜಮಾನರು ಜೋಳದ ಭಕ್ಕರಿಗೆ ಹಚ್ಚಿಕೊಂಡು ತಿನ್ನುವಾಗ ಹಲ್ಲಿಗೆ ಸಿಕ್ಕ ಬೇಳೆಗಳನ್ನು ಒಂದೊಂದಾಗಿ ತೆಗೆದು ತಟ್ಟೆಯಂಚಿಗೆ ಸಾಲಾಗಿಟ್ಟರು.

ಇದೆಲ್ಲ ಏನೆಂದು ತಿಳಿಯಬೇಕಾದರೆ ನೀವು ಚಪ್ಪಲಿ ಕಳಚಿ ಒಳಗೆ ಬರಬೇಕು, ನನ್ನೊಡನೆ ಸ್ವಲ್ಪ ಹೊತ್ತು ಈ ನಡುಮನೆಯಲ್ಲಿ ಅಡ್ಡಾಡಬೇಕು. ನಾವಿರುವ ಮನೆ ಮೊದಲು ಮನೆಯಾಗಿರಲಿಲ್ಲ. ಅಕ್ಕಲಕೋಟದಲ್ಲಿ ಇನ್ನೂ ರಾಜರಿದ್ದ ಕಾಲಕ್ಕೆ, ಊರಿನ ಒಂದು ಹಿಡಿಯಷ್ಟು ಕ್ರೈಸ್ತ ಕುಟುಂಬಗಳು ತಾವೇ ಕಲ್ಲು ಹೊತ್ತು ಕಟ್ಟಿಕೊಂಡ ಪ್ರಾರ್ಥನಾಮಂದಿರ ಇದು. ಎಲ್ಲರ ಮನೆಯೊಳಗೊಂದು ದೇವರಮನೆ ಇರುತ್ತದೆ. ನಾವು ಮಾತ್ರ ದೇವರ ಮನೆಯೊಳಗೊಂದು ಮನೆ ಮಾಡಿಕೊಂಡಿದ್ದೇವೆ. ಕರಿಗಲ್ಲಿನ ಗೋಡೆ, ನೆತ್ತಿ ಚೂಪಾದ ಉದ್ದುದ್ದ ಕಿಟಕಿಗಳು, ಬೀದಿಗೆ ಮುಖಮಾಡಿದ ಕಮಾನಿನ ದೊಡ್ಡ ಬಾಗಿಲು. ಒಂದೊಂದು ಕಿಟಕಿಯ ಪರದೆಗೆ ಒಂದೊಂದು ಇಡೀ ಸೀರೆ ಬೇಕು. ಯಾವ ಕಸಬರಿಗೆಯೂ ಮುಟ್ಟಲಾರದ ಎತ್ತರದಲ್ಲಿ ವಾಸಿಸುವ ಜೇಡಗಳನ್ನು ಮೂಲ ಸಭಾಸದರ ವಂಶಸ್ಥರೆಂದು ಭಾವಿಸಿ ನಾನು ಗೌರವಪೂರ್ವಕವಾಗಿ ಬಿಟ್ಟುಬಿಟ್ಟಿದ್ದೇನೆ. ಅವರ ಪಾಳಕರು (ಮರಾಠಿ ಕ್ರೈಸ್ತರು ತಮ್ಮ ಗುರುಗಳನ್ನು ಹೀಗೆ ಕರೆಯುತ್ತಾರೆ) ನಿಂತು ಉಪದೇಶ ಮಾಡುತ್ತಿದ್ದ ಎತ್ತರದ ಕಟ್ಟೆಯೇ ಈಗ ನನ್ನ ಅಡುಗೆಮನೆ. ಅಲ್ಲಿಂದಲೇ ನಾನೂ ಸಕ್ಕರೆ ಕಡಿಮೆ ಮಾಡಿರೆಂದು ಯಜಮಾನರಿಗೆ ಉಪದೇಶಿಸುತ್ತ ಬಂದಿದ್ದೇನೆ. ಶ್ರೋತೃಗಳ ಮೇಲೆ ಆಗುತ್ತಿದ್ದ ಪರಿಣಾಮ ಆಗಲೂ ಇಷ್ಟೇ ಇದ್ದಿರಬೇಕು.

ಅಕ್ಕಲಕೋಟಕ್ಕೆ ಗುರುವಾರ ಸ್ವಾಮಿಗಳ ದರ್ಶನಕ್ಕೆ ಬರುವ ಯಾತ್ರಿಕರಿಗೆ ಈ ಕಮಾನು ದೊಡ್ಡ ಭ್ರಾಂತಿ. ಒಮ್ಮೆ ಮುಂಬೈ ಕಡೆಯ ಒಂದು ಇಡೀ ಕುಟುಂಬ, ಬಾಗಿಲು ತೆರೆದಿದ್ದುದೇ ನೆಪವಾಗಿ, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ನೇರವಾಗಿ ನಮ್ಮ ಫ್ರಿಜ್ಜಿನ ಮುಂದೆ ಕೈಮುಗಿದು ನಿಂತಿತ್ತು. ಹಿರಿಯರು ಕಣ್ಣುಮುಚ್ಚಿದ್ದರು. ತಡೆಯಲು ನನಗೆ ಮನಸ್ಸಾಗಲಿಲ್ಲ. ಫ್ರಿಜ್ಜಿನಲ್ಲಿದ್ದ ಬಾಳೆಹಣ್ಣನ್ನು ತೆಗೆದು ಒಬ್ಬೊಬ್ಬರಿಗೂ ಕೊಟ್ಟೆ; ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಹೋದರು.

ಆದರೆ ನಗುವ ಹಕ್ಕು ನನಗೆಲ್ಲಿದೆ? ಸೊಸೆಯಾಗಿ ಬಂದ ದಿನಗಳಲ್ಲಿ ನಾನೂ ಈ ಮನೆಯನ್ನು ತಪ್ಪಾಗಿಯೇ ಓದಿಕೊಂಡಿದ್ದೆ. ಸೊಲ್ಲಾಪುರದ ಕಾನ್ವೆಂಟಿನಲ್ಲಿ ಕಲಿತವಳು ನಾನು. ಇಂಗ್ಲಿಷಿನಲ್ಲಿ ಮಗ್ಗಿ ಹೇಳಿ, ಮರಾಠಿಯಲ್ಲಿ ಕಾಯಿಪಲ್ಲೆ ಕೊಂಡು, ಕನ್ನಡದಲ್ಲಿ ಅಳುವುದನ್ನು ರೂಢಿಸಿಕೊಂಡ ಊರಿನ ಹುಡುಗಿ. ಪ್ರಾರ್ಥನಾಮಂದಿರವೆಂದರೆ ನನಗೆ ಗೊತ್ತಿದ್ದದ್ದು ಸಿಸ್ಟರುಗಳ ಚರ್ಚು: ಬಣ್ಣಬಣ್ಣದ ಗಾಜು, ನೀಲಿ ಸೆರಗಿನ ಮಾತೆಯ ಮೂರ್ತಿ, ಸಾಲುಸಾಲು ಮೇಣದಬತ್ತಿ, ಘಮ್ಮೆನ್ನುವ ಧೂಪ. ಗಂಡನ ಮನೆ ಮೊದಲು ಚರ್ಚಾಗಿತ್ತಂತೆ ಎಂದು ಕೇಳಿದಾಗ ನನ್ನ ಗೆಳತಿಯರು ಹೊಟ್ಟೆಕಿಚ್ಚುಪಟ್ಟಿದ್ದರು. ಬಂದು ನೋಡಿದರೆ ಬಣ್ಣದ ಗಾಜು ಎಲ್ಲಿದೆ, ಮೂರ್ತಿ ಕೂತಿದ್ದ ಗೂಡು ಎಲ್ಲಿದೆ? ಗೋಡೆಯ ಮೇಲೆ ಒಂದು ಶಿಲುಬೆಯ ಗುರುತೂ ಇರಲಿಲ್ಲ. ಮೋಸವಾದವಳಂತೆ ಅತ್ತೆಯವರನ್ನು ಕೇಳಿದೆ. ಅವರು ಅಕ್ಕಿ ಆರಿಸುತ್ತ ಹೇಳಿದರು: "ಅವರು ಬ್ಯಾರೆ, ಇವರು ಬ್ಯಾರೆ. ಇವರಿಗಿ ಮೂರ್ತಿ ಬ್ಯಾಡ, ಬತ್ತಿ ಬ್ಯಾಡ, ಮ್ಯಾಲಿನ ಸಾಹೇಬರ ಹುಕುಮೂ ಬ್ಯಾಡ. ತಮ್ಮ ಊರು, ತಮ್ಮ ಮಂಡಳಿ, ಮುಗೀತು."

ಮಂಡಳಿ. ಈ ಶಬ್ದದ ಬಳಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಮನೆಯ ಚರಿತ್ರೆಯೆಲ್ಲ ಇದರ ಮೇಲೆ ತೂಗಿಕೊಂಡಿದೆ. ಮೈಸೂರು, ಬೆಂಗಳೂರಿನ ಕಡೆಯ ಓದುಗರಿಗೆ ಮಂಡಳಿಯೆಂದರೆ ಕರೆಂಟು ತೆಗೆಯುವ ಇಲ್ಲವೇ ಪರೀಕ್ಷೆ ನಡೆಸುವ ಯಾವುದೋ ಸಂಸ್ಥೆ ಕಣ್ಮುಂದೆ ಬರಬಹುದು. ಮರಾಠಿಯ ಬಗಲಲ್ಲೇ ಬೆಳೆದ ನಮ್ಮ ಕನ್ನಡದಲ್ಲಿ ಮಂಡಳಿಯೆಂದರೆ ಮನೆಯ ಜನ. ಇನ್ನೂ ನಾಜೂಕಾಗಿ, ಹೆಂಡತಿಯ ಹೆಸರು ಹೇಳಲು ನಾಚುವ ಗಂಡಸರ ಬಾಯಲ್ಲಿ, ಹೆಂಡತಿ. "ಮಂಡಳಿ ತವರಿಗಿ ಹೋಗೇದ" ಎಂದು ಒಬ್ಬ ವ್ಯಾಪಾರಿ ಹೇಳಿದರೆ ಅವನು ಆ ವಾರ ಖಾನಾವಳಿಯಲ್ಲಿ ಉಣ್ಣುತ್ತಿದ್ದಾನೆಂದು ತಿಳಿಯಬೇಕು. ಮರಾಠಿ ಕ್ರೈಸ್ತರಿಗಾದರೋ ಮಂಡಳಿಯೆಂದರೆ ಒಂದೂರಿನಲ್ಲಿ ಕೂಡಿ ಪ್ರಾರ್ಥಿಸುವ ಭಕ್ತಸಮೂಹ. ಕಲ್ಲಿನ ಕಟ್ಟಡವಲ್ಲ, ಅದರೊಳಗೆ ಕೂಡುವ ಜನ.

ಈಗ ಆ ವ್ಯವಹಾರದ ದಿನಕ್ಕೆ ಬನ್ನಿ. ಯಜಮಾನರ ಅಜ್ಜ ಅಕ್ಕಲಕೋಟದ ಪೇಟೆಯಲ್ಲಿ ಸೊಲ್ಲಾಪುರಿ ಚಾದರು, ಟವೆಲ್ಲುಗಳ ವ್ಯಾಪಾರಿ. ಈ ಕಡೆ ಕ್ರೈಸ್ತ ಕುಟುಂಬಗಳು ಕೆಲಸ ಹುಡುಕಿಕೊಂಡು ಒಂದೊಂದಾಗಿ ಊರು ಬಿಟ್ಟು, ಉಳಿದವರಿಗೆ ಸೋರುವ ಹಂಚು ತಿದ್ದಿಸುವ ಶಕ್ತಿಯಿಲ್ಲದೆ, ಕಟ್ಟಡ ಮಾರಾಟಕ್ಕೆ ಬಂದಿತ್ತು. ಮಾತುಕತೆ ಮುಗಿದು, ಎಲೆ ಅಡಿಕೆ ಹಾಕಿಕೊಂಡ ಮೇಲೆ, ವೃದ್ಧರಾದ ಪಾಳಕರು ಸಂಕೋಚದಿಂದ ಒಂದು ಮಾತು ಎತ್ತಿದರಂತೆ. ಆ ಸಂವಾದವನ್ನು ಅತ್ತೆಯವರು ಎರಡೂ ದನಿಗಳಲ್ಲಿ ಅಭಿನಯಿಸಿ ತೋರಿಸುತ್ತಿದ್ದರು.

"ಶೇಠಜಿ, ಒಂದ ಮಾಗ್ಣಿ ಅದ. ಮಂಡಳಿಗಿ ಇಲ್ಲಿ ಜಾಗಾ ಇರಬೇಕು."

"ಏನ್ ಹೇಳ್ತೀರಿ ಸಾಹೇಬ್ರ! ಮಂಡಳಿ ಸಲುವಾಗೇ ತಗೊಳ್ಳಾಕತ್ತೀನಿ."

"ಐತವಾರ ಒಂದ ತಾಸು ಸಾಕ್ರಿ."

"ತಾಸ್ಯಾಕ? ಹಗಲೂ ರಾತ್ರಿ ಇಲ್ಲೇ ಇರಲಿ! ಅಲ್ಲಿ ಹಿರೇರ ವಾಡೇದಾಗ ಅಣ್ಣತಮ್ಮಂದೇರ ಭಾವಕಿ ಜಗಳ ಭಾಳ ಆಗೇದ. ಮಂಡಳಿ ಅಳಾಕತ್ತದ."

ತಮ್ಮ ಮಂಡಳಿಯ ಅಳಲು ಈ ಲಿಂಗವಂತ ವ್ಯಾಪಾರಿಯ ವಾಡೆಯವರೆಗೂ ಮುಟ್ಟಿತೇ ಎಂದು ಪಾಳಕರು ಕಣ್ತುಂಬಿ ಅವರ ಎರಡೂ ಕೈ ಹಿಡಿದುಕೊಂಡರಂತೆ. ಒಬ್ಬ ಪರಕೀಯ ಗೃಹಸ್ಥ ನಮ್ಮ ಅಜ್ಜಿಯ ಸುಖಕ್ಕಾಗಿ ಇಷ್ಟು ಮರುಗುವುದನ್ನು ಕಂಡು ಅಜ್ಜನಿಗೂ ಕಣ್ಣು ಒದ್ದೆಯಾಯಿತಂತೆ. ಇಬ್ಬರು ಸಜ್ಜನರು ಪರಸ್ಪರ ಒಂದಕ್ಷರವೂ ಅರ್ಥವಾಗದೆ ಅಷ್ಟು ಸಂಪೂರ್ಣವಾಗಿ ಒಪ್ಪಿಕೊಂಡದ್ದು ನಮ್ಮ ಗಡಿನಾಡಿನಲ್ಲಿ ಮಾತ್ರ ಸಾಧ್ಯ.

ಸಂಸಾರ ಬಂದು ಇಳಿದ ಮೊದಲ ಐತವಾರ. ಅಜ್ಜಿ ಬಾಗಿಲು ತೆರೆದರೆ ಇಸ್ತ್ರಿ ಬಟ್ಟೆ ತೊಟ್ಟ ಗಂಡಸರು, ತಲೆತುಂಬ ಸೆರಗು ಹೊದ್ದ ಹೆಂಗಸರು, ಬಗಲಲ್ಲಿ ಪುಸ್ತಕ ಹಿಡಿದು ನಿಂತಿದ್ದಾರೆ. ಹೊಸ ಮನೆ ನೋಡಲು ಬಂದ ಬಳಗವೆಂದು ತಿಳಿದು ಅಜ್ಜಿ ಜಮಖಾನೆ ಹಾಸಿ ಬೆಲ್ಲ ನೀರು ಕೊಟ್ಟರು. ಅವರು ಕೂತು ಹಾಡತೊಡಗಿದರು. ಮನೆಗೆ ಶುಭ ಹಾರೈಸುವ ಹಾಡಿರಬೇಕೆಂದು ಅಜ್ಜಿ ಸೆರಗು ಸರಿಮಾಡಿಕೊಂಡು ತಾವೂ ಕೂತರು. ಎಲ್ಲ ಮುಗಿದು, "ಕೊಟ್ಟ ಮಾತು ಉಳಿಸಿದ್ರಿ" ಎಂದು ಪಾಳಕರು ಕೈಮುಗಿದು ಹೋದಾಗಲೇ ಅಜ್ಜನ ತಲೆಗೆ ವಿಷಯ ಹೊಳೆದದ್ದು. ಅವರು ಹೆಂಡತಿಯ ಮುಂದೆ ತಲೆ ಚಚ್ಚಿಕೊಂಡರು: ನಾ ಮಾತು ಕೊಟ್ಟಿದ್ದು ನಿನ್ನ ಸಲುವಾಗಿ, ಇವರ ಸಲುವಾಗಿ ಅಲ್ಲ! ಅಜ್ಜಿ ಸಾವಕಾಶವಾಗಿ ಜಮಖಾನೆ ಸುತ್ತುತ್ತ ಅಂದರಂತೆ: "ನನ್ನ ಸಲುವಾಗಿ ಕೊಟ್ಟಿದ್ರ ಆ ಮಾತು ನಂದಾತು. ನಂದು ನಾ ಅವರಿಗಿ ಕೊಟ್ಟೀನಿ. ಬರ್ಲಿ."

ಹಾಗೆ ಐತವಾರದ ಮುಂಜಾನೆ ಈ ಮನೆಯ ದೊಡ್ಡ ಬಾಗಿಲು ತೆರೆಯತೊಡಗಿತು. ಬೇರೆ ದಿನ ನಾವೆಲ್ಲ ಪಕ್ಕದ ಸಣ್ಣ ಬಾಗಿಲಲ್ಲೇ ಓಡಾಡುವುದು. ಆ ದೊಡ್ಡದು ಮಂಡಳಿಯದು. ತಮ್ಮದಾಗಿದ್ದ ಮನೆಗೆ ಅತಿಥಿಗಳಾಗಿ ಬರುವುದು ಸುಲಭದ ವಿದ್ಯೆಯಲ್ಲ. ಅವರು ಎಂದೂ ಕಟ್ಟೆಯ ಕಡೆ ನೋಡುತ್ತಿರಲಿಲ್ಲವಂತೆ. ಅಲ್ಲಿ ಕುಕ್ಕರು ಸಿಳ್ಳೆ ಹಾಕಿದರೂ ಹಾಡು ನಿಲ್ಲಿಸುತ್ತಿರಲಿಲ್ಲ. ಪಾಳಕರು ತೀರಿಕೊಂಡರು. ಕೆಲವರು ಪುಣೆಗೆ, ಕೆಲವರು ಮಣ್ಣಿಗೆ ಹೋದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಮಂಡಳಿಯಲ್ಲಿ ನಾಲ್ಕೈದು ಜನ ಉಳಿದಿದ್ದರು. ಕೊನೆಕೊನೆಗೆ ರೂತಬಾಯಿ ಒಬ್ಬರೇ.

ರೂತಬಾಯಿ ಹುಟ್ಟಿದ್ದು ಅಕ್ಕಲಕೋಟದಲ್ಲಿ, ದುಡಿದದ್ದು ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ನರ್ಸಾಗಿ. ನಿವೃತ್ತಿಯ ಮೇಲೂ ಅಲ್ಲಿಯೇ ತಂಗಿಯ ಮಗನ ಮನೆಯಲ್ಲಿದ್ದರು. ಐತವಾರ ಬೆಳಗಿನ ಎಸ್.ಟಿ. ಬಸ್ಸು ಹಿಡಿದು ಬರುವುದು, ನಮ್ಮ ನಡುಮನೆಯಲ್ಲಿ ಒಂದು ತಾಸು ಉಪಾಸನೆ ಮಾಡುವುದು, ನನ್ನ ಕೈಯ ಚಹಾ ಕುಡಿದು ಮುಂದಿನ ಬಸ್ಸಿಗೆ ಹಿಂತಿರುಗುವುದು. ಸೊಲ್ಲಾಪುರದಲ್ಲಿ ಬೇಕಾದಷ್ಟು ಚರ್ಚುಗಳಿವೆಯಲ್ಲ ಮಾವಶಿ ಎಂದು ಒಮ್ಮೆ ಕೇಳಿದ್ದೆ. "ಅಲ್ಲಿ ನಾ ಹೋಗ್ಲಿಲ್ಲಂದ್ರ ಯಾರಿಗೂ ಗೊತ್ತಾಗಂಗಿಲ್ಲ, ಸೂನಬಾಯಿ. ಇಲ್ಲಿ ನಾ ಬರ್ಲಿಲ್ಲಂದ್ರ ಮಂಡಳೀನೇ ಇಲ್ಲ" ಎಂದಿದ್ದರು. ನನಗೆ ಅವರು ಮಾವಶಿ, ಚಿಕ್ಕಮ್ಮನ ಹಾಗೆ; ಅವರಿಗೆ ನಾನು ಸೂನಬಾಯಿ, ಈ ಮನೆಯ ಸೊಸೆ. ಎಪ್ಪತ್ತೈದು ದಾಟಿದವರಿಗೆ ಬಸ್ಸು ಪುಕ್ಕಟೆಯಾದಾಗ ಅವರಿಗಾದ ಹಿಗ್ಗು ಹೇಳತೀರದು: "ಮ್ಯಾಲ ಹೋಗೂದಕ್ಕೂ ಸರಕಾರ ಹಿಂಗೇ ಒಂದ ಗಾಡಿ ಬಿಟ್ರ ಛಲೋ. ಕಂಡಕ್ಟರ್ ಮುಂದ ಆಧಾರ ಕಾರ್ಡ ತೋರ್ಸಿ ಕುಂತಬಿಡ್ತೀನಿ."

ನನ್ನ ಅವರ ಮೊದಲ ಭೇಟಿ ನನಗೆ ಇವತ್ತಿಗೂ ಕಿವಿ ಬೆಚ್ಚಗಾಗಿಸುತ್ತದೆ. ಹೊಸ ಸೊಸೆ, ಕಾನ್ವೆಂಟಿನ ವಿದ್ಯೆಯನ್ನು ಪ್ರದರ್ಶಿಸುವ ಸದವಕಾಶ. ಅವರು ಬರುವ ಮುನ್ನವೇ ಮೇಣದಬತ್ತಿ ಹಚ್ಚಿಟ್ಟು, ಅವರು ಒಳಗೆ ಕಾಲಿಟ್ಟೊಡನೆ ಸಿಸ್ಟರುಗಳಿಂದ ಕಲಿತಂತೆ ಮೊಣಕಾಲು ಬಗ್ಗಿಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದೆ. ರೂತಬಾಯಿ ಬತ್ತಿಯನ್ನು ನೋಡಿದರು, ನನ್ನನ್ನು ನೋಡಿದರು, ಮೇಲಿನ ಬಲ್ಬನ್ನು ನೋಡಿದರು. "ಸೂನಬಾಯಿ, ಲೈಟ ಹೋಗಿಲ್ಲಲ್ಲ?" ಎಂದರು. ಅಷ್ಟೇ. ಅವರ ಪಂಥದ ಸಮಸ್ತ ತತ್ತ್ವಜ್ಞಾನ ನನಗೆ ಆ ಒಂದು ಪ್ರಶ್ನೆಯಲ್ಲಿ ಬೋಧೆಯಾಯಿತು.

ಅವರ ದನಿ ಚೆಂದದ್ದಾಗಿರಲಿಲ್ಲ. ವಾರ್ಡಿನ ಈ ತುದಿಯಿಂದ ಆ ತುದಿಗೆ ಹೆಸರು ಕರೆದು ಕರೆದು ಒರಟಾದ ಗಂಟಲು. ಆದರೆ ಈ ಕಟ್ಟಡ ಹಾಡಿಗಾಗಿಯೇ ಕಟ್ಟಿದ್ದು. ಅದು ಆ ದನಿಯ ಅಂಚುಗಳನ್ನು ಉಜ್ಜಿ, ನಯಮಾಡಿ, ಒಬ್ಬಾಕೆಯ ಹಾಡನ್ನು ನಾಲ್ಕು ಜನರ ಹಾಡು ಮಾಡಿ ಬೀದಿಗೆ ಕಳಿಸುತ್ತಿತ್ತು. ಅವರು ನುಡಿಯೊಂದನ್ನು ಮುಗಿಸಿ ಸ್ವಲ್ಪ ತಡೆಯುವರು. ಒಂದು ಐತವಾರ ಆ ತಡೆತದಲ್ಲಿ, ಕಟ್ಟೆಯ ಮೇಲೆ ಬದನೆಕಾಯಿ ಹೆಚ್ಚುತ್ತಿದ್ದ ನಾನು ಅರಿವಿಲ್ಲದೆ ಪಲ್ಲವಿಯನ್ನು ಎತ್ತಿಕೊಂಡುಬಿಟ್ಟೆ. ನಾಲಿಗೆ ಕಚ್ಚಿಕೊಂಡೆ. ಅವರು ಏನೂ ಆಗದವರಂತೆ ಮುಂದಿನ ನುಡಿ ಹಾಡಿದರು, ಮತ್ತೆ ತಡೆದರು, ಕಾದರು. ಅಲ್ಲಿಂದ ನುಡಿ ಅವರದು, ಪಲ್ಲವಿ ನನ್ನದು. ಅವರು ಅಲ್ಲಿ, ನಾನಿಲ್ಲಿ. ಮುಖ ನೋಡಿಕೊಂಡು ಎಂದೂ ಹಾಡಲಿಲ್ಲ.

ಮಂಡಳಿಯ ಇತರರೆಲ್ಲ ತೀರಿಹೋದ ಮೇಲೆ, ಒಮ್ಮೆ ಚಹಾ ಬಸಿಯುತ್ತ, ಒಬ್ಬರೇ ಕೂತು ಉಪಾಸನೆ ಮಾಡಲು ಬೇಸರವಾಗುವುದಿಲ್ಲವೇ ಎಂದೆ. ಅವರು ಅಚ್ಚರಿಯಿಂದ ನನ್ನತ್ತ ನೋಡಿದರು. "ಒಬ್ಬಾಕಿ ಅಂದ್ರ ಮಂಡಳಿ ಆಗಂಗಿಲ್ಲ. ಕಮ್ಮೀತ ಕಮ್ಮಿ ಇಬ್ಬರು ಬೇಕು. ನೀ ಒಳಗ ಇರ್ತೀಯಲ್ಲ ಹುಚ್ಚಿ, ಅದಕ್ಕ ನಾ ಬರೂದು. ನೀ ತವರಿಗಿ ಹೋದ ಐತವಾರ ನಾ ಬಂದೀನಂತ ಯಾರರೆ ಹೇಳ್ಯಾರೇನು?" ನಾನು ಹಣೆಗೆ ವಿಭೂತಿ ಇಡುವವಳು, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ನನ್ನನ್ನು ಕೇಳದೆ, ನನಗೆ ಹೇಳದೆ, ಬದನೆಕಾಯಿ ಸಮೇತ ಅವರು ನನ್ನನ್ನು ಮಂಡಳಿಯಲ್ಲಿ ಎಣಿಸಿಕೊಂಡಿದ್ದರು. ಆ ಮಾತನ್ನು ನಾನು ಯಜಮಾನರಿಗೆ ನಗುತ್ತ ಹೇಳಿದೆ, ಅವರೂ ನಕ್ಕರು.

ಕಳೆದ ಬುಧವಾರ ಅವರ ತಂಗಿಯ ಮಗನ ಫೋನು ಬಂತು. ನಿದ್ದೆಯಲ್ಲೇ ಹೋದರಂತೆ. ಯಜಮಾನರು ಅಂಗಡಿ ಮುಚ್ಚಿ, ಕಪಾಟಿನಿಂದ ಬಿಳಿಯ ಹೊಸ ಚಾದರೊಂದನ್ನು ತೆಗೆದು, ಅವರಲ್ಲಿ ಇಂಥದ್ದು ನಡೆಯುತ್ತದೋ ಇಲ್ಲವೋ ಎಂದು ದಾರಿಯುದ್ದಕ್ಕೂ ತೊಡೆಯ ಮೇಲೆ ಹಿಡಿದುಕೊಂಡೇ ನನ್ನೊಡನೆ ಸೊಲ್ಲಾಪುರಕ್ಕೆ ಬಂದರು. ನಡೆಯಿತು, ಪೆಟ್ಟಿಗೆಯೊಳಗೆ ಕಾಲಿನ ಮೇಲೆ ಹೊದಿಸಿದರು. ಚರ್ಚು ದೊಡ್ಡದು, ಮೈಕು, ಕೀಬೋರ್ಡು, ಬಹಳ ಜನ. ಯಾರೂ ನನಗೆ ಗೊತ್ತಿದ್ದ ಹಾಡು ಹಾಡಲಿಲ್ಲ. ಕೊನೆಗೆ ಅಲ್ಲಿಯ ಪಾಳಕರು, ಒಬ್ಬ ತರುಣ, ಮೃತರ ಪರಿಚಯ ಹೇಳುತ್ತ ಮೈಕಿನಲ್ಲಿ ಅಂದರು: "ಅಕ್ಕಲಕೋಟ ಮಂಡಳಿ ಸುದ್ಧಾ ಆಲೀ ಆಹೇ." ಅಕ್ಕಲಕೋಟದ ಮಂಡಳಿಯೂ ಬಂದಿದೆಯೆಂದು. ಎಲ್ಲರೂ ತಿರುಗಿ ನೋಡಿದರು. ಅವರು ನೋಡಿದ್ದು ನಮ್ಮನ್ನು: ಹಣೆತುಂಬ ಮೂರು ಬೆರಳಿನ ವಿಭೂತಿ ಬಳಿದುಕೊಂಡ ಒಬ್ಬ ಚಾದರ ವ್ಯಾಪಾರಿ, ಅವರ ಪಕ್ಕದಲ್ಲಿ ಅವರ ಮಂಡಳಿ. ಯಜಮಾನರು ಏನು ಮಾಡಬೇಕೆಂದು ತಿಳಿಯದೆ ಎದ್ದು ನಿಂತು ಕೈಮುಗಿದರು. ನನಗೆ ನಗು ಬರಬೇಕಿತ್ತು. ಅದರ ಬದಲು, ಆ ಇಡೀ ಕಾರ್ಯದಲ್ಲಿ ಅಲ್ಲಿಯವರೆಗೆ ಬಾರದೆ ಇದ್ದದ್ದು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ.

ಇನ್ನು ಇವತ್ತಿನ ಮಾತು. ಕಾರ್ತಿಕ ಕಳೆದ ಮೇಲೆ ನಮ್ಮ ಮಗ ಪ್ರಶಾಂತನ ಮದುವೆ. ಭಂಡಾರಕವಠೆಯ ಹುಡುಗಿ, ಮೆತ್ತಗೆ ಮಾತಾಡುವವಳು. ಅವನು ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಗೋದಾಮಿನ ವ್ಯವಹಾರ ನೋಡಿಕೊಳ್ಳುತ್ತಾನೆ. ಓದಿದ್ದೆಲ್ಲ ಮರಾಠಿಯಲ್ಲಿ, ಕನ್ನಡವನ್ನು ಅಂಗಡಿ ಬೋರ್ಡಿನಷ್ಟು ಓದಬಲ್ಲ, ಆದ್ದರಿಂದ ಇದನ್ನು ಅವನು ಓದಲಾರನೆಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಹೊಸ ದಂಪತಿಗೆ ಒಂದು ಕೋಣೆ ಬೇಕು. ಹಿಂದೆ ಸರಕಿನ ಕೋಣೆ, ಹಂಚಿನ ಮಾಳಿಗೆಯ ಮೇಲೆ ಕಟ್ಟುವಂತಿಲ್ಲ. ಉಳಿದದ್ದು ನಡುಮನೆಯ ಬೀದಿಯ ಕಡೆಯ ಅರ್ಧ, ದೊಡ್ಡ ಬಾಗಿಲಿನ ಭಾಗ. ರೂತಬಾಯಿ ನಿಲ್ಲುತ್ತಿದ್ದ ಭಾಗ. ಯಜಮಾನರು ಈ ಮಾತನ್ನು ಕಳೆದ ವರ್ಷದಿಂದ ಬಾಯಲ್ಲಿಟ್ಟುಕೊಂಡೇ ಇದ್ದರು. ಆ ಮುದುಕಿ ಇರುವವರೆಗೆ ಎತ್ತಲಿಲ್ಲ. ಅವರದು ತಪ್ಪೆಂದು ಹೇಳಲು ನನ್ನಲ್ಲಿ ಒಂದು ಕಾರಣವೂ ಇಲ್ಲ. ಬರುವವಳು ಮಗನ ಮಂಡಳಿಯಲ್ಲವೇ? ಮಂಡಳಿಗೆ ಜಾಗ ಬೇಡವೇ?

ಮಧ್ಯಾಹ್ನ ಬಡಿಗೇರ ಬಂದು ಸುಣ್ಣದ ದಾರ ಹಿಡಿದು ಶಹಾಬಾದ ಫರಸಿಯ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಬಿಳಿ ಗೆರೆ ಎಳೆದ. ಮಾಳಿಗೆಯತ್ತ ತಲೆಯೆತ್ತಿ 'ಹೋ' ಎಂದು ಕೂಗಿ, ಅದು ತಿರುಗಿ ಬಂದದ್ದನ್ನು ಕೇಳಿ, ರೋಗ ಪತ್ತೆ ಹಚ್ಚಿದ ವೈದ್ಯನ ಸಮಾಧಾನದಿಂದ ನನಗೆ ಹೇಳಿದ: "ಭಾಳ ಘುಮತದ್ರಿ ಅಕ್ಕೋರ. ನಾ ಮ್ಯಾಲಿನ ತನಕ ಪಾರ್ಟಿಶನ್ ಹೊಡದ ಮ್ಯಾಲ ನೋಡ್ರಿ, ಆವಾಜ ಎಕದಮ್ ಬಂದ್!" ನಾಳೆಯೇ ಕೆಲಸ ಶುರುಮಾಡುವುದಾಗಿ ಹೇಳಿ, ಮುಂಗಡ ಚಹಾ ಕುಡಿದು ಹೋದ.

ಯಜಮಾನರು ಮಧ್ಯಾಹ್ನದ ನಿದ್ದೆಗೆ ಅಡ್ಡಾದ ಮೇಲೆ ನಾನು ಆ ಗೆರೆಯ ಆಚೆ ಹೋಗಿ ನಿಂತೆ. ಇಷ್ಟು ವರ್ಷ ನಾನು ಆ ಜಾಗದಲ್ಲಿ ನಿಂತು ಕಸ ಗುಡಿಸಿದ್ದೇನೆ, ಹಪ್ಪಳ ಒಣಗಿಸಿದ್ದೇನೆ, ಹಾಡಿರಲಿಲ್ಲ. ಒಮ್ಮೆ ಹಾಡಿಬಿಡೋಣ, ಆಮೇಲೆ ಹಲಗೆ ಹೊಡೆದುಕೊಳ್ಳಲಿ ಎನ್ನಿಸಿತು. ಬಾಯಿ ತೆರೆದೆ. ಏನೂ ಬರಲಿಲ್ಲ. ನನಗೆ ನುಡಿಗಳೇ ಗೊತ್ತಿರಲಿಲ್ಲ. ಇಷ್ಟು ಐತವಾರ ಕೇಳಿದ ಹಾಡಿನ ಮೊದಲ ಸಾಲು ಯಾವುದೆಂದು ಹುಡುಕಿದರೆ, ಅಲ್ಲಿ ರೂತಬಾಯಿಯ ಉಸಿರು ಇದೆ, ಕೆಮ್ಮು ಇದೆ, ರಾಗ ತಪ್ಪಿದ ಒಂದು ತಿರುವು ಇದೆ, ಶಬ್ದ ಇಲ್ಲ. ನನಗಿರುವುದು ಪಲ್ಲವಿ ಮಾತ್ರ. ಪಲ್ಲವಿಯೆಂದರೆ ಉತ್ತರ. ಮೊದಲು ಯಾರಾದರೂ ಒಂದು ಮಾತು ಆಡಿದರಲ್ಲವೇ ಉತ್ತರ ಕೊಡುವುದು? ಆದರೂ ಮೆಲ್ಲಗೆ, ಬೀದಿಗೆ ಕೇಳದ ಹಾಗೆ, ಅದನ್ನೇ ಒಮ್ಮೆ ಹಾಡಿ ನೋಡಿದೆ. ತೊಲೆಗಳು ಅದನ್ನು ಎತ್ತಿಕೊಂಡು ಹೋಗಿ, ಸ್ವಲ್ಪ ಯೋಚಿಸಿ, ನನಗೇ ತಂದುಕೊಟ್ಟವು.

ಸಂಜೆ ಚಹಾದ ಹೊತ್ತಿಗೆ ಧೈರ್ಯ ಮಾಡಿ ಯಜಮಾನರಿಗೆ ಹೇಳಿದೆ. ಹಲಗೆಯ ಕೆಲಸ ಸ್ವಲ್ಪ ತಡೆದು ಮಾಡಿಸಿದರಾಗದೇ, ಇಲ್ಲವೇ ಹುಡುಗರಿಗೆ ನಮ್ಮ ಕೋಣೆಯನ್ನೇ ಬಿಟ್ಟುಕೊಟ್ಟು ನಾವಿಬ್ಬರೂ ಸರಕಿನ ಕೋಣೆಯ ಒಂದು ಮೂಲೆಗೆ ಹೋದರಾಗದೇ, ದೊಡ್ಡ ಬಾಗಿಲು ಐತವಾರ ತೆರೆದಿರಲಿ ಎಂದೆ. ಅವರು ಬಸಿಯನ್ನು ಕೆಳಗಿಟ್ಟು, ಬೇಸರವಿಲ್ಲದೆ, ತೂಕಮಾಡುವ ಸ್ವರದಲ್ಲಿ ಕೇಳಿದರು:

"ತೆರೆದಿಡೂನು. ಯಾರ ಬರ್ತಾರ ಹೇಳು?"

ನಾನು ಅವರ ಬಸಿಗೆ ಇನ್ನಷ್ಟು ಚಹಾ ಸುರಿದೆ.

"ನೋಡು, ಅಜ್ಜಿ ಕೊಟ್ಟ ಮಾತು ಮುರೀಬೇಕಂತ ನನಗೇನ ಹೌಸ ಇಲ್ಲ. ಆದ್ರ ಮಂಡಳಿ ಇರೂತನಕ ಆ ಮಾತು. ಒಬ್ಬಾಕಿ ಅಂದ್ರ ಮಂಡಳಿ ಅಲ್ಲಂತ ರೂತಬಾಯೇನೇ ಹೇಳ್ಯಾಳಂತ ನೀನೇ ನನಗ ಹೇಳೀದಿ. ಈಗ ಉಳಿದಾಕಿ ನೀ ಒಬ್ಬಾಕಿ. ಇನ್ನೊಬ್ಬರು ಯಾರರೆ ಇದ್ರ ಹೇಳು. ನಾಳೆ ಬಡಿಗ್ಯಾನ ಬ್ಯಾಡಂತೀನಿ. ಸರಕಿನ ಖೋಲ್ಯಾಗ ನಾನೂ ಮಲಗ್ತೀನಿ."

ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು, ನನ್ನ ಉತ್ತರಕ್ಕಾಗಿ ಕಾಯುತ್ತಲೂ ಇದ್ದರು. ಇನ್ನೊಬ್ಬರು ಯಾರಿದ್ದಾರೆ? ಊರಿನಲ್ಲಿ ಆ ಪಂಥದ ಒಂದು ಮನೆಯೂ ಉಳಿದಿಲ್ಲ. ನಾನು ಬಸಿಗಳನ್ನು ಎತ್ತಿಕೊಂಡು, ಒಣಗಿದ ಬಟ್ಟೆ ತೆಗೆಯುವ ನೆಪಮಾಡಿ, ಹಿತ್ತಿಲಿಗೆ ಹೋದೆ.

ಹಿತ್ತಿಲ ಗೋಡೆಯಾಚೆ ಗಂಗಕ್ಕನ ಮನೆ. ವಯಸ್ಸಾದವರು, ಸೊಲ್ಲಾಪುರದ ಮಗಳ ಮನೆಯಲ್ಲಿ ಕೆಲವು ವಾರ ಇದ್ದು ನಿನ್ನೆ ರಾತ್ರಿಯಷ್ಟೇ ಮರಳಿದ್ದಾರೆ, ಆದ್ದರಿಂದ ಅವರಿಗೆ ಏನೂ ತಿಳಿದಿಲ್ಲ. ರೂತಬಾಯಿಯನ್ನು ಅವರು ಮುಖಾಮುಖಿ ಮಾತಾಡಿಸಿದ್ದನ್ನು ನಾನು ಕಂಡಿಲ್ಲ. ನನ್ನ ಬಳೆ ಸದ್ದು ಕೇಳಿ ಗೋಡೆಯ ಮೇಲೆ ತಲೆ ಎತ್ತಿದರು. ಕೈಯಲ್ಲಿ ಒಂದು ಬಾಳೆಹಣ್ಣಿತ್ತು, ಮುಖ ಬಾಡಿತ್ತು.

"ಏನ ಮಾಡಿಟ್ಟೀಯವ್ವ ನೀ ಇವತ್ತ! ಐತವಾರ ಬಂತಂತ ನನಗ ಗೊತ್ತಾಗೂದೇ ಈ ಗ್ವಾಡಿಗಿ ಕುಂತು ನಿಮ್ಮ ಹಾಡು ಕೇಳಿದಾಗ; ಮುಂಜಾನೆ ನಿಮ್ಮ ಮನ್ಯಾಗ ಹಾಡು ಆಗ್ಲೇ ಇಲ್ಲ. ಐತವಾರ ನಿನ್ನೇನೇ ಹೋತು ಅಂತ ತಿಳಕೊಂಡು ಸೋಮವಾರದ ಉಪಾಸ ಹಿಡದು ಕುಂತೀನಿ. ಈಗ ಮೊಮ್ಮಗ ಹೇಳ್ತಾನ, ಆಯೀ, ಇವತ್ತ ಐತವಾರ ಅಂತ!"